ಹೆಗಲಿಗೆ ಒದೆಯುವ ರೈಫಲ್ ಹಿಡಿದು ನಮ್ಮ ಸೀಮೆ ಸುತ್ತಿದ ಕೆನೆತ್ ಆಂಡರ್ಸನ್

ಬೋರನಕಣಿವೆ: ಏರಿ ಮೇಲೆ ಸಂಜೆ ಹೊತ್ತು ಯಾರಾದರೂ ಹಳಬರು ಸಿಕ್ಕರೆ ಚಿರತೆ, ಕರಡಿ ಮಾತು ಬಂದೇ ಬರುತ್ತದೆ. ತೆಂಗಿನ ತೋಟಕ್ಕೆ ರಾತ್ರಿ ನೀರು ಕಟ್ಟೋಕೆ ಹೋದವರಿಗೆ ಬ್ಯಾಟರಿ ಬೆಳಕಲ್ಲಿ ಎರಡು ಕಣ್ಣು ಹೊಳೆದ ಕತೆ, ಕಡಲೆಕಾಯಿ ಹೊಲವನ್ನು ಕರಡಿ ಬಗೆದು ಹಾಕಿದ ಕತೆ. ಆ ಮಾತು ಮುಂದುವರಿದರೆ ಕೊನೆಗೆ ಒಂದು ಹೆಸರಿಗೆ ಬಂದು ನಿಲ್ಲುವುದುಂಟು: ಕೆನೆತ್ ಆಂಡರ್ಸನ್. ಪೂರ್ಣಚಂದ್ರ ತೇಜಸ್ವಿಯವರು ಕಾಡಿನ ಕತೆಗಳು ಮಾಲೆಯಲ್ಲಿ ಕನ್ನಡಕ್ಕೆ ತಂದ ಮೇಲೆ ಈ ಸ್ಕಾಟಿಷ್ ಮೂಲದ ಬೆಂಗಳೂರಿಗ ನಮ್ಮೂರ ಲೈಬ್ರರಿಗಳಲ್ಲಿ ಮನೆಯವರ ಹಾಗೇ ಆಗಿಬಿಟ್ಟಿದ್ದಾರೆ.

ಆದರೆ ಅವರು ಓಡಾಡಿದ್ದು ಎಲ್ಲೋ ದೂರದ ಕಾಡಲ್ಲಿ ಅಂದುಕೊಂಡವರೇ ಹೆಚ್ಚು. ಹಾಗೇನಿಲ್ಲ. 1954ರಲ್ಲಿ ಬಂದ ಅವರ ಮೊದಲ ಪುಸ್ತಕದಲ್ಲಿ, ಒಂಬತ್ತು ನರಭಕ್ಷಕರು ಮತ್ತು ಒಂದು ಪುಂಡಾನೆ ಎಂಬ ಅರ್ಥದ ಹೆಸರಿನ ಆ ಪುಸ್ತಕದಲ್ಲಿ, ತುಮಕೂರಿನ ದೇವರಾಯನದುರ್ಗದ ಒಂಟಿ ಹುಲಿಯ ಮೇಲೆ ಒಂದು ಅಧ್ಯಾಯ ಇದೆ. ಹೊಸದುರ್ಗ–ಹೊಳಲ್ಕೆರೆ ಸೀಮೆಯ ನರಭಕ್ಷಕನ ಮೇಲೆ ಇನ್ನೊಂದು. ಕಡೂರು ಕಡೆಯ ಎಮ್ಮೆದೊಡ್ಡಿಯ ಹುಲಿಯ ಮೇಲೆ ಮತ್ತೊಂದು. 1957ರ ಎರಡನೇ ಪುಸ್ತಕದಲ್ಲಿ ಅರಸೀಕೆರೆಯ ನಾಗವಾರ ಗುಡ್ಡದ ಕರಡಿ. ನಕ್ಷೆ ಹರವಿ ಈ ನಾಲ್ಕು ಜಾಗಕ್ಕೂ ಗೆರೆ ಎಳೆದು ನೋಡಿ, ನಡುವೆ ಸಿಗೋದು ಚಿಕ್ಕನಾಯಕನಹಳ್ಳಿ, ತಿಪಟೂರು, ಹುಳಿಯಾರು, ನಮ್ಮ ಬೋರನಕಣಿವೆ.

ಆಂಡರ್ಸನ್ ಹುಟ್ಟಿದ್ದು 1910ರ ಮಾರ್ಚ್ 8ರಂದು, ಸಿಕಂದರಾಬಾದ್ ಪಕ್ಕದ ಬೊಲಾರಂನಲ್ಲಿ. ಅವರ ಮನೆತನ ತಲೆಮಾರುಗಳಿಂದ ಇಂಡಿಯಾದಲ್ಲೇ ನೆಲೆಸಿತ್ತು. ತಂದೆ ಸೇನೆಯ ಲೆಕ್ಕಪತ್ರ ವಿಭಾಗದಲ್ಲಿದ್ದವರು. ಹುಡುಗ ಓದಿದ್ದು ಬೆಂಗಳೂರಿನ ಬಿಷಪ್ ಕಾಟನ್ ಶಾಲೆ, ಆಮೇಲೆ ಸೇಂಟ್ ಜೋಸೆಫ್ ಕಾಲೇಜು. ಲಾಯರ್ ಆಗಲಿ ಅಂತ ಎಡಿನ್‌ಬರೋಗೆ ಕಳಿಸಿದರೆ ಓದು ಅರ್ಧಕ್ಕೇ ಬಿಟ್ಟು ವಾಪಸ್ ಬಂದರು. ಅಂಚೆ ಮತ್ತು ತಂತಿ ಇಲಾಖೆಯಲ್ಲಿ ಸುಮಾರು 15 ವರ್ಷ ದುಡಿದು, ಆಮೇಲೆ ಬೆಂಗಳೂರಿನ ವಿಮಾನ ಕಾರ್ಖಾನೆ ಸೇರಿದರು. ಮದುವೆ, ಒಬ್ಬ ಮಗಳು, ಒಬ್ಬ ಮಗ. ಮಗ ಡೊನಾಲ್ಡ್ ಕೂಡ ಬೇಟೆಗಾರನೇ ಆದ. ಅಂದರೆ ಇವರೇನು ರಾಜಮಹಾರಾಜರ ಜೊತೆ ಆನೆ ಮೇಲೆ ಕೂತು ಬೇಟೆಯಾಡಿದ ದೊರೆ ಅಲ್ಲ. ಸಂಬಳದ ಮನುಷ್ಯ. ರಜೆ ಹಾಕಿ, ಸ್ಟುಡಿಬೇಕರ್ ಕಾರಿಗೆ ಹಾಸಿಗೆ, ಟಾರ್ಚು, ತೋಟಾ ತುಂಬಿಕೊಂಡು ಹೊರಡುತ್ತಿದ್ದವರು. ಕನ್ನಡ, ತಮಿಳು ಎರಡೂ ಬರುತ್ತಿತ್ತು. ಹಳ್ಳಿಯವರ ಜೊತೆ ಚಾವಡಿಯಲ್ಲಿ ಕೂತು ಬೀಡಿ ಹಚ್ಚಿಸಿ ಸುದ್ದಿ ತೆಗೆಯೋದು ಅವರ ಬೇಟೆಯ ಮೊದಲ ಕೆಲಸ.

1939ರಿಂದ 1966ರವರೆಗೆ ಸರ್ಕಾರಿ ದಾಖಲೆಯ ಪ್ರಕಾರ ಅವರು ಹೊಡೆದ ನರಭಕ್ಷಕಗಳು 8 ಚಿರತೆ, 7 ಹುಲಿ. ದಾಖಲೆ ಇಲ್ಲದವು ಬೇರೆ. ಕತೆಗೆ ಒಂದಿಷ್ಟು ಉಪ್ಪು ಖಾರ ಸೇರಿಸಿದ್ದಾರೆ ಅನ್ನುವವರೂ ಇದ್ದಾರೆ, ಇರಲಿ. ನನಗೆ ಅವರ ಪುಸ್ತಕಗಳಲ್ಲಿ ಯಾವಾಗಲೂ ಕಣ್ಣಿಗೆ ಬೀಳೋದು ಹುಲಿಗಿಂತ ಅವರ ಕೈಲಿದ್ದ ರೈಫಲ್. ಜೀವನಪೂರ್ತಿ ಅದೊಂದನ್ನೇ ನಂಬಿದ್ದರು. 1895ರ ಮಾದರಿಯ ವಿಂಚೆಸ್ಟರ್, 405 ಬೋರು.

ನಮ್ಮ ಕಡೆ ಮನೆಮನೆಯಲ್ಲಿ ಸೈನ್ಯಕ್ಕೆ ಹೋಗಿ ಬಂದವರಿದ್ದಾರೆ. ಅವರಿಗೆ ಈ ರೈಫಲ್ ತೋರಿಸಿದರೆ ವಿಚಿತ್ರ ಅನ್ನಿಸಬಹುದು. ಟ್ರಿಗರ್ ಸುತ್ತ ಇರುವ ಕಬ್ಬಿಣದ ಬಳೆಯೇ ಉದ್ದಕ್ಕೆ ಬೆಳೆದು ಒಂದು ಸನ್ನೆಯಾಗಿದೆ. ಒಂದು ಈಡು ಹೊಡೆದ ಮೇಲೆ ಆ ಸನ್ನೆಯನ್ನು ಕೆಳಕ್ಕೆ ತಳ್ಳಿ ಮತ್ತೆ ಮೇಲಕ್ಕೆ ಎಳೆಯಬೇಕು. ಕೆಳಕ್ಕೆ ತಳ್ಳಿದಾಗ ಖಾಲಿ ಚಿಪ್ಪು ಹಾರಿ ಬೀಳುತ್ತದೆ, ಮೇಲಕ್ಕೆ ಬಂದಾಗ ಹೊಸ ತೋಟಾ ಒಳಗೆ ಹೋಗುತ್ತದೆ. ಮ್ಯಾಗಜಿನ್‌ನಲ್ಲಿ ನಾಲ್ಕೈದು ತೋಟಾ ಅಷ್ಟೇ. ಗುಂಡಿನ ತೂಕ 300 ಗ್ರೇನ್, ನಮ್ಮ ಲೆಕ್ಕದಲ್ಲಿ ಹತ್ತೊಂಬತ್ತೂವರೆ ಗ್ರಾಂ ಹತ್ತಿರ. ನಳಿಗೆ ಬಿಡುವಾಗಿನ ವೇಗ ಸೆಕೆಂಡಿಗೆ ಸುಮಾರು 670 ಮೀಟರ್. ಅಮೆರಿಕದ ಅಧ್ಯಕ್ಷರಾಗಿದ್ದ ಥಿಯೊಡೋರ್ ರೂಸ್‌ವೆಲ್ಟ್ 1909ರಲ್ಲಿ ಆಫ್ರಿಕಾಕ್ಕೆ ಸಿಂಹ ಬೇಟೆಗೆ ಹೋದಾಗ ಒಯ್ದದ್ದೂ ಇದೇ ಬೋರಿನದು.

ಇಷ್ಟು ತೂಕದ ಗುಂಡು ಇಷ್ಟು ವೇಗದಲ್ಲಿ ಮುಂದಕ್ಕೆ ಹೋದರೆ ಅಷ್ಟೇ ನೂಕು ಹಿಂದಕ್ಕೂ ಬರಲೇಬೇಕು. ರೈಫಲ್ ತೂಕ ನಾಲ್ಕು ಕೆ.ಜಿ.ಗೂ ಕಡಿಮೆ. ಬಟ್ಟಿನ ಹಿಂಬದಿಗೆ ರಬ್ಬರ್ ಇಲ್ಲ, ಉಕ್ಕಿನ ತಗಡು. ಸಾಲದ್ದಕ್ಕೆ ಹಳೇ ಕಾಲದ ಬಟ್ ಆದ್ದರಿಂದ ಕೆಳಕ್ಕೆ ಬಾಗಿದೆ. ಹಾಗಾಗಿ ಒದೆತ ಹೆಗಲಿಗೆ ಮಾತ್ರ ಹೋಗಲ್ಲ, ಮೂತಿ ಮೇಲಕ್ಕೆ ಹಾರಿ ಬಟ್ಟಿನ ಮೇಲ್ಭಾಗ ಕೆನ್ನೆಗೂ ಬಡಿಯುತ್ತದೆ. ಒಂದು ಜಾಗ ಹಿಡಿದು ಹತ್ತು ಈಡು ಹೊಡೆದವರಿಗೆ ಮಾರನೇ ದಿನ ಹೆಗಲು ನೀಲಿಗಟ್ಟಿದರೆ ಆಶ್ಚರ್ಯ ಇಲ್ಲ.

ಈಗ ಅದರ ಪಕ್ಕ ಎಸ್ಎಲ್ಆರ್ ಇಟ್ಟು ನೋಡೋಣ. 1962ರ ಚೀನಾ ಯುದ್ಧ ಆದ ಮೇಲೆ ಇಷಾಪುರದ ಕಾರ್ಖಾನೆಯಲ್ಲಿ ತಯಾರಾಗಿ ನಮ್ಮ ಜವಾನರ ಕೈಗೆ ಬಂದ ಅರೆ ಸ್ವಯಂಚಾಲಿತ ರೈಫಲ್. 7.62 ಬೋರು. 1965ರ ನಂತರ ಸೈನ್ಯ ಸೇರಿದ ನಮ್ಮ ತಾಲ್ಲೂಕುಗಳ ಎಷ್ಟೋ ಮಂದಿ ಕಲಿತದ್ದು ಇದರಲ್ಲೇ. ಇದರ ಗುಂಡು ಆಂಡರ್ಸನ್ ಗುಂಡಿನ ಅರ್ಧ ತೂಕದ್ದು, ರೈಫಲ್ ಅವರದಕ್ಕಿಂತ ಭಾರ. ಕಾಗದದ ಮೇಲೆ ಲೆಕ್ಕ ಹಾಕಿದರೆ ಆಂಡರ್ಸನ್ ಅವರ 405ರ ಒದೆತದ ಶಕ್ತಿ ಎಸ್ಎಲ್ಆರ್‌ದಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಬರುತ್ತದೆ. ಆದರೆ ಹೆಗಲಿಗೆ ಅನಿಸುವ ವ್ಯತ್ಯಾಸ ಇನ್ನೂ ದೊಡ್ಡದು. ಅದಕ್ಕೆ ಕಾರಣ ಗ್ಯಾಸು.

ಎಸ್ಎಲ್ಆರ್ ನಳಿಗೆಯ ಮೇಲ್ಭಾಗದಲ್ಲಿ ಒಂದು ಸಣ್ಣ ತೂತು ಇದೆ. ಗುಂಡು ಅದನ್ನು ದಾಟಿದ ಕೂಡಲೇ ಹಿಂದಿನಿಂದ ಬರುವ ಬಿಸಿ ಗ್ಯಾಸಿನಲ್ಲಿ ಸ್ವಲ್ಪ ಆ ತೂತಿನಿಂದ ಮೇಲಿನ ಕೊಳವೆಗೆ ಹೋಗಿ ಪಿಸ್ಟನ್ ತಳ್ಳುತ್ತದೆ. ಪಿಸ್ಟನ್ ಒಳಗಿನ ಬೋಲ್ಟನ್ನು ಹಿಂದಕ್ಕೆ ನೂಕುತ್ತದೆ, ಚಿಪ್ಪು ಹೊರಗೆ, ಸ್ಪ್ರಿಂಗು ಅದನ್ನೇ ಮುಂದಕ್ಕೆ ದಬ್ಬಿದಾಗ ಹೊಸ ತೋಟಾ ಒಳಗೆ. ಕೈ ಆಡಿಸೋ ಕೆಲಸವೇ ಇಲ್ಲ. ಇದರಿಂದ ಒಟ್ಟು ನೂಕು ಕಡಿಮೆ ಆಗುತ್ತೆ ಅಂತ ಕೆಲವರು ತಿಳಿದಿದ್ದಾರೆ. ಅದು ತಪ್ಪು. ನೂಕು ಅಷ್ಟೇ ಇರುತ್ತದೆ, ಬರುವ ಹೊತ್ತು ಮಾತ್ರ ಉದ್ದವಾಗುತ್ತದೆ. ಎಳನೀರು ಗೊನೆಯನ್ನು ಮರದಿಂದ ದೊಪ್ಪೆಂದು ಕೆಡವುವುದಕ್ಕೂ ಹಗ್ಗ ಕಟ್ಟಿ ಇಳಿಸುವುದಕ್ಕೂ ಎಷ್ಟು ಫರಕು? ಗೊನೆಯ ತೂಕ ಒಂದೇ ತಾನೇ. ಕೆಳಗೆ ಹಿಡಿಯುವವನ ಕೈಗೆ ಗೊತ್ತು.

ಎಸ್ಎಲ್ಆರ್‌ನಲ್ಲಿ ಇನ್ನೊಂದು ಅನುಕೂಲ ಇತ್ತು, ಗ್ಯಾಸ್ ರೆಗ್ಯುಲೇಟರ್. ತಿರುಗಿಸುವ ಒಂದು ಬಳೆ. ನಮ್ಮ ತೋಟಗಳಲ್ಲಿ ಡ್ರಿಪ್ ಹಾಕಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೋರ್‌ವೆಲ್ ನೀರಿನ ಒತ್ತಡ ಪೈಪಿಗೆ ಜಾಸ್ತಿ ಆದರೆ ಬೈಪಾಸ್ ವಾಲ್ವು ತೆರೆದು ಹೆಚ್ಚಿನ ನೀರನ್ನು ಹೊರಕ್ಕೆ ಬಿಡ್ತೀವಲ್ಲ, ಥೇಟ್ ಅದೇ. ಬಳೆ ತೆರೆದಷ್ಟೂ ಗ್ಯಾಸು ಹೊರಗೆ ಸೋರಿ ಪಿಸ್ಟನ್‌ಗೆ ಬೀಳೋ ಏಟು ಕಡಿಮೆ. ಮುಚ್ಚಿದಷ್ಟೂ ಏಟು ಜೋರು. ಪೂರ್ತಿ ತೆರೆದರೆ ಬೋಲ್ಟು ಅರ್ಧ ದಾರಿಗೇ ನಿಂತು ಚಿಪ್ಪು ಸಿಕ್ಕಿಹಾಕಿಕೊಳ್ಳುತ್ತೆ. ಪೂರ್ತಿ ಮುಚ್ಚಿದರೆ ಬೋಲ್ಟು ರಭಸದಿಂದ ಹಿಂದಕ್ಕೆ ಹೋಗಿ ಗೋಡೆಗೆ ಗುದ್ದಿದ ಹಾಗೆ ಗುದ್ದಿ ಹೆಗಲಿಗೆ ಎರಡನೇ ಒದೆತ ಕೊಡುತ್ತೆ, ಚಿಪ್ಪು ಎಲ್ಲೋ ಹೋಗಿ ಬೀಳುತ್ತೆ, ಒಳಗಿನ ಭಾಗಗಳೂ ಬೇಗ ಸವೆಯುತ್ತವೆ. ಅದಕ್ಕೇ ತೆರೆದ ಕಡೆಯಿಂದ ಶುರು ಮಾಡಿ, ಚಿಪ್ಪು ಸಲೀಸಾಗಿ ಬೀಳುವವರೆಗೆ ಒಂದೊಂದೇ ಕಟ್ಟು ಮುಚ್ಚುತ್ತಾ ಬಂದು, ಧೂಳು ಮಸಿ ಕಟ್ಟಿಕೊಂಡಾಗಲೂ ಕೈಕೊಡದಿರಲಿ ಅಂತ ಮೇಲೆ ಎರಡು ಕಟ್ಟು ಸೇರಿಸುವುದು ರೂಢಿ. ಎಕೆ 47ರಲ್ಲಿ ಈ ಬಳೆಯೇ ಇಲ್ಲ. ಅಗತ್ಯಕ್ಕಿಂತ ಧಾರಾಳವಾಗಿ ಗ್ಯಾಸು ಬಿಟ್ಟು, ಕೆಸರಾಗಲಿ ಮರಳಾಗಲಿ ನಡೆದುಕೊಂಡು ಹೋಗಲಿ ಅಂತ ಬಿಟ್ಟಿದ್ದಾರೆ. ಬೆಲೆಯನ್ನು ಹೊಡೆಯುವವನ ಹೆಗಲು ಕೊಡುತ್ತೆ.

ಇಲ್ಲೊಂದು ಸ್ವಾರಸ್ಯ ಇದೆ. ಆಂಡರ್ಸನ್ ಅವರ ಸನ್ನೆ ರೈಫಲ್ಲಿಗೂ ನಮ್ಮ ಜವಾನರ ಗ್ಯಾಸ್ ರೈಫಲ್ಲಿಗೂ ಬೇರು ಒಂದೇ. 1895ರ ವಿಂಚೆಸ್ಟರ್ ವಿನ್ಯಾಸ ಮಾಡಿದವನು ಅಮೆರಿಕದ ಯೂಟಾ ಸೀಮೆಯ ಜಾನ್ ಬ್ರೌನಿಂಗ್. 1889ರ ಸುಮಾರಿಗೆ ಗುರಿ ಅಭ್ಯಾಸ ಮಾಡುವಾಗ, ನಳಿಗೆ ಬಾಯಿಂದ ನುಗ್ಗಿದ ಗಾಳಿಗೆ ಎದುರಿನ ಹುಲ್ಲು ಬಾಗಿದ್ದು ಆತನ ಕಣ್ಣಿಗೆ ಬಿತ್ತು. ಇಷ್ಟು ಶಕ್ತಿ ಸುಮ್ಮನೆ ಹಾಳಾಗುತ್ತಿದೆಯಲ್ಲ ಅನ್ನಿಸಿ, ಒಂದು ಹಳೇ ಸನ್ನೆ ರೈಫಲ್ಲಿನ ಮೂತಿ ಮುಂದೆ ತೂತಿನ ತಗಡು ಕಟ್ಟಿ, ಅದನ್ನು ಸನ್ನೆಗೆ ಜೋಡಿಸಿ, ಗ್ಯಾಸೇ ಸನ್ನೆ ಆಡಿಸುವ ಹಾಗೆ ಮಾಡಿದ. ಅದೇ ಯೋಚನೆಯ ಮೆಷಿನ್ ಗನ್ ಕೂಡ ಹೊರಬಂದದ್ದು 1895ರಲ್ಲೇ. ಬ್ರೌನಿಂಗ್ 1926ರಲ್ಲಿ ಬೆಲ್ಜಿಯಂನ ಎಫ್ಎನ್ ಕಾರ್ಖಾನೆಯಲ್ಲಿ ಕೆಲಸದ ನಡುವೆಯೇ ತೀರಿಕೊಂಡ. ಅಲ್ಲಿ ಆತನ ಕೈಕೆಳಗೆ ಪಳಗಿದ ಡ್ಯೂಡೊನೆ ಸೇವ್ ಮುಂದೆ ಎಫ್ಎಎಲ್ ರೈಫಲ್ ಮಾಡಿದ. ನಮ್ಮ ಎಸ್ಎಲ್ಆರ್ ಅದರ ತಳಿಯದು.

ಹಾಗಾದರೆ ಆಂಡರ್ಸನ್ ಯಾಕೆ ಹಳೇ ಸನ್ನೆ ರೈಫಲ್ಲಿಗೇ ಅಂಟಿಕೊಂಡರು? ಅವರು ಬೇಟೆ ಶುರು ಮಾಡಿದ ಕಾಲಕ್ಕೆ ಹುಲಿಗೆ ಸಾಕಾಗುವಷ್ಟು ದೊಡ್ಡ ಬೋರಿನ ಗ್ಯಾಸ್ ರೈಫಲ್ಲು ಬೇಟೆಗಾರರಿಗೆ ಸಿಗುತ್ತಲೇ ಇರಲಿಲ್ಲ. ಅಮೆರಿಕದ ಸೈನ್ಯ ಗ್ಯಾರಂಡ್ ರೈಫಲ್ ಒಪ್ಪಿಕೊಂಡದ್ದೇ 1936ರಲ್ಲಿ. ಸ್ವಯಂಚಾಲಿತ ಬೇಟೆ ರೈಫಲ್ಲುಗಳು ಕೆಲವು ಬಂದಿದ್ದವು, ಅವುಗಳ ತೋಟಾ ಅಷ್ಟು ಬಲದ್ದಲ್ಲ. ಸಾಹುಕಾರರು ಜೋಡುನಳಿಗೆ ಇಂಗ್ಲಿಷ್ ರೈಫಲ್ ಹಿಡಿಯುತ್ತಿದ್ದರು, ಅದರ ಬೆಲೆ ಸಂಬಳದವರ ಕೈಗೆ ಎಟುಕುವಂಥದಲ್ಲ. ಕುಮಾವೂನಿನ ಜಿಮ್ ಕಾರ್ಬೆಟ್ ಬಳಿ ಜೋಡುನಳಿಗೆಯೂ ಇತ್ತು, ಒದೆತ ಕಡಿಮೆ ಇರುವ 275 ರಿಗ್ಬಿಯೂ ಇತ್ತು. ಆಂಡರ್ಸನ್‌ಗೆ 405 ಒಂದೇ. ಆ ಒಂದೇ ಅವರ ಬೇಟೆಯ ರೀತಿಯನ್ನೂ ತೀರ್ಮಾನಿಸಿತು ಅನ್ನೋದು ನನ್ನ ಅನಿಸಿಕೆ.

ಮರದ ಮೇಲೆ ಮಚಾನು ಕಟ್ಟಿ ರಾತ್ರಿ ಕೂತವನ ಸ್ಥಿತಿ ಯೋಚಿಸಿ. ನಳಿಗೆಗೆ ಟಾರ್ಚು ಬಿಗಿದಿದ್ದಾರೆ. ಕಾಲು ಮಡಚಿ ಗಂಟೆಗಟ್ಟಲೆ ಕೂತು ಮೈ ಮರಗಟ್ಟಿದೆ. ಬಟ್ ಹೆಗಲಿನ ಗುಳಿಯಲ್ಲಿ ಸರಿಯಾಗಿ ಕೂತಿರೋದಿಲ್ಲ. ಒಂದು ಈಡು ಹೊಡೆದ ತಕ್ಷಣ ಮೂತಿ ಮೇಲೆ ಹಾರುತ್ತೆ, ಬೆಳಕು ಮರದ ತುದಿಗೆ ಹೋಗುತ್ತೆ, ಬೆರಳು ಟ್ರಿಗರ್ ಬಿಟ್ಟು ಸನ್ನೆ ಆಡಿಸಬೇಕು. ಮತ್ತೆ ಬೆಳಕು ಕೆಳಕ್ಕೆ ಬರುವಷ್ಟರಲ್ಲಿ ಚಿರತೆ ಅಲ್ಲಿರಲ್ಲ. ಎಸ್ಎಲ್ಆರ್ ಆಗಿದ್ದರೆ ಕಣ್ಣು ಗುರಿಯ ಹತ್ತಿರವೇ ಇರುತ್ತಿತ್ತು, ಎರಡನೇ ಈಡು ಅರೆಗಳಿಗೆಯಲ್ಲಿ ಹೋಗುತ್ತಿತ್ತು. ಆಂಡರ್ಸನ್‌ಗೆ ಎರಡನೇ ಈಡಿನ ನಂಬಿಕೆ ಇಲ್ಲ. ಹಾಗಾಗಿಯೇ ಅವರ ಕತೆಗಳಲ್ಲಿ ಹೊಡೆಯುವುದು ಒಂದು ಸಾಲು, ಕಾಯುವುದು ಹತ್ತು ಪುಟ. ಪ್ರಾಣಿ ಪಕ್ಕ ತಿರುಗುವವರೆಗೆ, ಭುಜದ ಹಿಂದಿನ ಜಾಗ ಕಾಣುವವರೆಗೆ ಉಸಿರು ಬಿಗಿಹಿಡಿದು ಕಾಯುತ್ತಾರೆ. ಎಷ್ಟೋ ರಾತ್ರಿ ಹೊಡೆಯದೆಯೇ ಎದ್ದು ಬಂದದ್ದನ್ನೂ ಬರೆದಿದ್ದಾರೆ.

ಅರಸೀಕೆರೆ ಕರಡಿಯ ಕತೆ ಅದಕ್ಕೆ ಸಾಕ್ಷಿ. ಅರಸೀಕೆರೆಯಿಂದ ಶಿವಮೊಗ್ಗಕ್ಕೆ ಹೋಗುವ ರಸ್ತೆ ಬದಿಯ ಒಂದು ದರ್ಗಾ ನೋಡಿಕೊಳ್ಳುತ್ತಿದ್ದವರು ಅಲಂ ಬಕ್ಷ್. ನಾಗವಾರ ಗುಡ್ಡದಲ್ಲಿದ್ದ ಒಂದು ದೊಡ್ಡ ಗಂಡು ಕರಡಿ ದಾರಿಹೋಕರ ಮುಖ ಕಿತ್ತು ಹಾಕುವುದಕ್ಕೆ ಹೆಸರಾಗಿತ್ತು. ಹಣ್ಣು, ಕಡಲೆಕಾಯಿ ಆಸೆಗೆ ರಾತ್ರಿ ಗುಡ್ಡ ಇಳಿದು ಬರುತ್ತಿತ್ತು. ಹಾಗೆ ಬಂದ ಒಂದು ರಾತ್ರಿ ಅಲಂ ಬಕ್ಷ್ ಅವರ 22 ವರ್ಷದ ಮಗ ಎದುರಿಗೆ ಸಿಕ್ಕ, ಉಳಿಯಲಿಲ್ಲ. ಆ ತಂದೆಯ ಕರೆಗೆ ಓಗೊಟ್ಟು ಆಂಡರ್ಸನ್ ಬೆಂಗಳೂರಿನಿಂದ ಬಂದರು. ನಮ್ಮ ತುಮಕೂರು, ತಿಪಟೂರಿನ ಬಿ.ಎಚ್. ರಸ್ತೆ ಅರಸೀಕೆರೆಗೆ ಹೋಗುವವರ ದಾರಿ. ಬಂದ ಮೊದಲ ಸಲವೇ ಕರಡಿ ಸಿಗಲಿಲ್ಲ. ಕತ್ತಲಲ್ಲಿ ಕಪ್ಪು ಕರಡಿ, ಗುಡ್ಡದ ತುಂಬ ಬಂಡೆ. ಬರಿಗೈಲಿ ವಾಪಸ್ ಹೋದರು. ಕೆಲವು ದಿನ ಕಳೆದ ಮೇಲೆ ಕರಡಿ ಕಡೂರು ಆಚೆಯ ಸಖರಾಯಪಟ್ಟಣದ ಕಡೆ ಮತ್ತೆ ಜನರ ಮೇಲೆ ಬಿದ್ದ ಸುದ್ದಿ ಬಂತು. ಆ ಬೇಟೆ ಮುಗಿದದ್ದು ಅಲ್ಲಿ. ಒಬ್ಬ ದರ್ಗಾ ಸೇವಕನ ಮಗನಿಗಾಗಿ ಸಂಬಳದ ಮನುಷ್ಯನೊಬ್ಬ ರಜೆ ಮೇಲೆ ರಜೆ ಹಾಕಿ ಇಷ್ಟು ಓಡಾಡಿದ.

ಒದೆತದ ವಿಷಯ ಇಷ್ಟು ಬೆಳೆಸಿದ್ದಕ್ಕೆ ಒಂದು ಕಾರಣ ಇದೆ. ಹುಲಿ, ಚಿರತೆ ಯಾಕೆ ನರಭಕ್ಷಕ ಆಗುತ್ತವೆ ಅಂತ ಆಂಡರ್ಸನ್ ಮತ್ತೆ ಮತ್ತೆ ಬರೆದರು. ಮುಳ್ಳುಹಂದಿ ಮುಳ್ಳು ಒಂದು ಕಾರಣ. ಇನ್ನೊಂದು, ಯಾರೋ ಅರೆಬರೆ ಹೊಡೆದು ಬಿಟ್ಟ ಗುಂಡಿನ ಗಾಯ. ಹಳ್ಳಿಯ ಕೇಪಿನ ಕೋವಿಗೆ ಮದ್ದು ಹಾಕುವುದೇ ಕೈಯಳತೆಯಲ್ಲಿ. ಒಂದು ಚಿಟಿಕೆ ಜಾಸ್ತಿ ಬಿದ್ದರೆ ಕೋವಿ ಕತ್ತೆ ಒದ್ದ ಹಾಗೆ ಒದೆಯುತ್ತದೆ. ಒಂದು ಸಲ ಆ ಪೆಟ್ಟು ತಿಂದವನು ಮುಂದಿನ ಸಲ ಟ್ರಿಗರ್ ಎಳೆಯೋಕೆ ಮೊದಲೇ ಕಣ್ಣು ಮುಚ್ಚುತ್ತಾನೆ, ಹೆಗಲು ಹಿಂದಕ್ಕೆ ಎಳೆದುಕೊಳ್ಳುತ್ತಾನೆ. ಮೂತಿ ಅಷ್ಟರಲ್ಲೇ ಅಲ್ಲಾಡಿರುತ್ತದೆ. ಎದೆಗೆ ಬೀಳಬೇಕಾದ್ದು ಕಾಲಿಗೋ ಹೊಟ್ಟೆಗೋ ಬೀಳುತ್ತದೆ. ಕಾಲು ಊನವಾದ ಚಿರತೆ ಕಡವೆ, ಹಂದಿ ಹಿಡಿಯಲಾರದು. ನಾಯಿ, ಕರು, ಆಮೇಲೆ ಕೊಟ್ಟಿಗೆ ಮುಂದೆ ಆಡುವ ಮಗು. ಸೈನ್ಯದಲ್ಲಿ ಈ ಬೆಚ್ಚುವ ಚಾಳಿ ಬಿಡಿಸೋಕೆ ನಿಜವಾದ ತೋಟಾಗಳ ನಡುವೆ ಸುಳ್ಳು ತೋಟಾ ಸೇರಿಸಿ ಕೊಡುವ ಉಪಾಯ ಇದೆ. ಒದೆತವೇ ಬರದಿದ್ದಾಗಲೂ ಮೂತಿ ಕುಣಿದರೆ ಹುಡುಗನ ಗುಟ್ಟು ಬಯಲು. ಆಂಡರ್ಸನ್ ಅಷ್ಟು ಒದೆಯುವ ರೈಫಲ್ ಹಿಡಿದೂ ಬೆಚ್ಚದೆ ಹೊಡೆಯಲು ಕಲಿತದ್ದು ಕಡಿಮೆ ಸಾಧನೆ ಏನಲ್ಲ. ಗಾಯಗೊಂಡ ಪ್ರಾಣಿಯನ್ನು ಬಿಟ್ಟು ಬರುವುದು ಅವರಿಗೆ ಆಗದ ಮಾತು. ಬೆಳಗಾದ ಮೇಲೆ ರಕ್ತದ ಜಾಡು ಹಿಡಿದು ಪೊದೆಗೆ ನುಗ್ಗುತ್ತಿದ್ದರು, ಅದು ಬೇಟೆಯಲ್ಲೇ ಅಪಾಯದ ಕೆಲಸ.

ನಮ್ಮಲ್ಲೂ ಈ ಮಾತು ಹಳೆಯದಾಗಿಲ್ಲ. 2019–20ರಲ್ಲಿ ಹೆಬ್ಬೂರು, ಗುಬ್ಬಿ ಕಡೆ ಚಿರತೆ ದಾಳಿಗೆ ಮಕ್ಕಳೂ ಸೇರಿ ಜನ ಸತ್ತದ್ದನ್ನು ಈ ಜಿಲ್ಲೆ ಮರೆತಿಲ್ಲ. ಆ ಚಿರತೆಗಳಿಗೆ ಗಾಯ ಇತ್ತು ಅಂತ ನಾನು ಹೇಳ್ತಾ ಇಲ್ಲ. ಆದರೆ ಹಂದಿಗೆ ಅಂತ ಇಟ್ಟ ಉರುಳಿಗೆ ಚಿರತೆ ಸಿಕ್ಕಿ ಸೊಂಟ ಕೊಯ್ದುಕೊಳ್ಳುವುದು, ಹೊಲ ಕಾಯುವ ಕೋವಿಯ ಚರೆ ಕರಡಿಗೆ ತಗಲುವುದು ಈಗಲೂ ಆಗಬಹುದಾದ್ದೇ. ಈಗ ಬೋನು, ಅರಿವಳಿಕೆ ಮದ್ದು, ಅರಣ್ಯ ಇಲಾಖೆ ಇವೆ. ಬುಕ್ಕಾಪಟ್ಟಣದ ಕಾಡು 2019ರಲ್ಲಿ ಚಿಂಕಾರ ವನ್ಯಧಾಮ ಆಗಿದೆ.

ವಯಸ್ಸಾಗುತ್ತಾ ಆಂಡರ್ಸನ್ ರೈಫಲ್ ಕೆಳಗಿಟ್ಟು ಕ್ಯಾಮೆರಾ ಕಡೆ ತಿರುಗಿದರು. ಕಾಡು ಕರಗುತ್ತಿದೆ, ಪ್ರಾಣಿಗಳು ಕಡಿಮೆ ಆಗುತ್ತಿವೆ ಅನ್ನುವ ಕೊರಗು ಕೊನೆಯ ಪುಸ್ತಕಗಳ ತುಂಬ ಇದೆ. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು, ಅವರು ಬಲ್ಲ ಬೇಟೆಯ ಕಾಲ ಅಲ್ಲಿಗೆ ಮುಗಿಯಿತು. ಎರಡು ವರ್ಷಕ್ಕೆ, 1974ರ ಆಗಸ್ಟ್ 30ರಂದು, ಕ್ಯಾನ್ಸರ್‌ನಿಂದ ಬೆಂಗಳೂರಿನಲ್ಲಿ ತೀರಿಕೊಂಡರು. ಸಮಾಧಿ ಹೊಸೂರು ರಸ್ತೆಯ ಸ್ಮಶಾನದಲ್ಲಿದೆ. ಹಿಂದಿನ ಕಾಡುಗಳನ್ನು ನೆನೆದು ಬರೆದ ಕೊನೆಯ ಪುಸ್ತಕ ಅಚ್ಚಾಗಿ ಬಂದದ್ದು 1976ರಲ್ಲಿ, ಅದನ್ನು ನೋಡೋಕೆ ಅವರು ಇರಲಿಲ್ಲ.